ಮೂಲೆ ರೂಮಿಗೆ ಬಂದ ಹೊಗಳಿಕೆ

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಒಂದು ಚೌರದಂಗಡಿಗೂ ಬೀಗ ರಿಪೇರಿಯ ಗೂಡಿಗೂ ನಡುವೆ, ಎರಡು ಅಂತಸ್ತಿನ ಸಣ್ಣದೊಂದು ಲಾಡ್ಜು ಇತ್ತು. ಅದರ ಒಡೆಯರನ್ನು ಬೀದಿಯವರೆಲ್ಲ ‘ಸ್ಟಾರ್ ಯಜಮಾನರು’ ಎಂದೇ ಕರೆಯುತ್ತಿದ್ದರು. ಆ ಹೆಸರನ್ನು ಅಂಟಿಸಿದವನು ಪಕ್ಕದ ಚೌರದಂಗಡಿಯವನು. ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡು ಕುರ್ಚಿಯಲ್ಲಿ ಕುಳಿತಿದ್ದಾಗಲೂ ಯಜಮಾನರ ಕಣ್ಣು ಫೋನಿನ ಮೇಲೆಯೇ ಇರುತ್ತಿತ್ತು. ತಂಗಿ ಹೋದವರು ಅದರಲ್ಲಿ ತಮ್ಮ ಲಾಡ್ಜಿಗೆ ಎಷ್ಟು ಸ್ಟಾರ್ ಕೊಟ್ಟಿದ್ದಾರೆ, ಏನೆಂದು ಬರೆದಿದ್ದಾರೆ ಎಂದು ನೋಡದಿದ್ದರೆ ಅವರಿಗೆ ಸಮಾಧಾನವಿಲ್ಲ.

“ಅಲ್ಲಾಡ್ಬೇಡಿ ಯಜಮಾನ್ರೇ. ಆಕಾಶದಲ್ಲಿರೋ ಸ್ಟಾರ್ ನೋಡೋರು ಕತ್ತೆತ್ತಿ ನೋಡ್ತಾರೆ, ನೀವು ಬಗ್ಗಿಸಿ ನೋಡ್ತೀರ. ಕತ್ತಿ ನನ್ನ ಕೈಯಲ್ಲಿದೆ, ಮರೀಬೇಡಿ” ಎಂದು ಅವನು ಗದರಿಸುತ್ತಿದ್ದ.

ಯಜಮಾನರು ಹುಟ್ಟಾ ಶ್ರೀಮಂತರಲ್ಲ. ಯೌವನದಲ್ಲಿ ಅದೇ ಬೀದಿಯ ಇನ್ನೊಂದು ಲಾಡ್ಜಿನಲ್ಲಿ ಪ್ರಯಾಣಿಕರ ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತಿದವರು. ದಣಿದು ಬಂದವನಿಗೆ ಒಂದು ಶುಭ್ರವಾದ ಹಾಸಿಗೆ ಕೊಡುವುದು ಭಗವಂತನ ಸೇವೆಯೇ ಎಂದು ಮನಸಾರೆ ನಂಬಿದವರು. ಒಗೆದು ಬಂದ ಚಾದರವನ್ನು ಮೂಗಿಗೆ ಹಿಡಿದು ನೋಡದೆ ಹಾಸಲು ಬಿಡುತ್ತಿರಲಿಲ್ಲ. ಹಿಂದೆಲ್ಲ ಮೆಚ್ಚುಗೆಯೂ ದೂರೂ ಮುಖಾಮುಖಿಯಾಗಿ ಬರುತ್ತಿದ್ದವು. ಹೊರಡುವಾತ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, “ನೀರು ತಣ್ಣಗಿತ್ತು ಕಣ್ರೀ” ಎನ್ನುತ್ತಿದ್ದ. ಯಜಮಾನರು ಕೈಜೋಡಿಸಿ “ತಪ್ಪಾಯ್ತು ಸ್ವಾಮಿ, ಮುಂದಿನ ಸಲ ಹಾಗಾಗಲ್ಲ” ಎನ್ನುತ್ತಿದ್ದರು. ಅವನ ಕಣ್ಣು ನೋಡಿದರೆ ಸಾಕು, ಆ ಮಾತಿನಲ್ಲಿ ಎಷ್ಟು ಸತ್ಯ, ಎಷ್ಟು ನಿದ್ದೆಗೆಟ್ಟ ಸಿಡುಕು ಎಂಬುದು ಅವರಿಗೆ ತಿಳಿದುಬಿಡುತ್ತಿತ್ತು. ಈಗಿನ ಮಾತಿಗೆ ಕಣ್ಣಿಲ್ಲ. ಆಡಿದವನು ಯಾವುದೋ ಊರಿನ ದಾರಿಯಲ್ಲಿರುತ್ತಾನೆ; ಅವನು ಬರೆದ ಎರಡು ಸಾಲು ಮಾತ್ರ ಲಾಡ್ಜಿನ ಬಾಗಿಲಲ್ಲಿ ಹಗಲಿರುಳೂ ನಿಂತು, ಬರುವವರನ್ನು ಕರೆಯುತ್ತಲೋ ಓಡಿಸುತ್ತಲೋ ಇರುತ್ತದೆ. ಇದರಿಂದ ಆ ದೈವಭಕ್ತರಲ್ಲಿ ಒಂದು ವ್ಯತ್ಯಾಸವಾಯಿತು. ಮೊದಲು ದೇವರಿಗೆ ಕೈಮುಗಿದು ಕಣ್ಣು ತೆರೆಯುತ್ತಿದ್ದವರು, ಈಗ ಕಣ್ಣು ತೆರೆದು ಫೋನು ನೋಡಿ ಆಮೇಲೆ ಕೈಮುಗಿಯುತ್ತಿದ್ದರು. ಮನುಷ್ಯನ ಭಯ ಎಲ್ಲಿರುತ್ತದೆಯೋ ಅವನ ಮೊದಲ ನಮಸ್ಕಾರವೂ ಅಲ್ಲಿಗೇ ಹೋಗುತ್ತದಷ್ಟೆ.

ಆ ಚಳಿಗಾಲದ ಆರಂಭದಲ್ಲಿ ಒಂದು ಬರಹ ಬಂತು. ಕೊಟ್ಟದ್ದು ಒಂದೇ ಸ್ಟಾರ್. “ಮೇಲಿನ ಮೂಲೆ ರೂಮಿನಲ್ಲಿ ಇಳಿದಿದ್ದೆವು. ಬಾತ್‌ರೂಮಿನ ವೆಂಟಿಲೇಟರ್‌ಗೆ ಬಾಗಿಲೇ ಇಲ್ಲ. ಸ್ನಾನ ಮಾಡುವಾಗ ಗಾಳಿ ಎಲುಬು ಕೊರೆಯುತ್ತದೆ. ಮರ್ಯಾದಸ್ಥರು ಇತ್ತ ತಲೆಹಾಕಿ ಮಲಗಬೇಡಿ.”

ಯಜಮಾನರು ಅನ್ನದ ತಟ್ಟೆ ಸರಿಸಿ ಎದ್ದರು. ಹೆಂಡತಿ ಸಮಾಧಾನ ಹೇಳಿದರು: “ಬಿಡಿ ಅತ್ಲಾಗೆ. ಅವನ ಮನೇಲೇನು ಕಿಟಕಿ ಇಲ್ವಾ? ಗಾಳಿ ಬರೋಕೇ ತಾನೇ ಕಿಟಕಿ ಇಡೋದು?”

“ನಿಂಗೊತ್ತಾಗಲ್ಲ ಕಣೇ. ನಾಳೆ ಬರೋನು ನಿನ್ನ ಕೇಳಿ ಬರ್ತಾನಾ, ಇದನ್ನ ಓದಿ ಬರ್ತಾನಾ?”

ಅವರ ಮಾತು ಸುಳ್ಳಾಗಲಿಲ್ಲ. ಬರುವವರು ಕಡಿಮೆಯಾದರು. ಮೂಲೆ ರೂಮಿಗಂತೂ ಬೀಗ ಬಿದ್ದೇ ಇರತೊಡಗಿತು. ಒಂದು ದಿನ ಯಜಮಾನರು ತಾವೇ ಪೇಟೆಗೆ ಹೋಗಿ, ಗವಾಕ್ಷಿಯ ಅಳತೆಗೆ ದಪ್ಪನೆಯ ಗಾಜು ಕತ್ತರಿಸಿ ತಂದರು. ತಾವೇ ಏಣಿ ಹತ್ತಿ, ಸುತ್ತಲೂ ಮರದ ಪಟ್ಟಿ ಬಡಿದು, ಒಂದು ಕೂದಲೆಳೆಯಷ್ಟೂ ಸಂದಿಯಿಲ್ಲದಂತೆ ಪುಟ್ಟಿ ಮೆತ್ತಿದರು. ಕೆಳಗಿಳಿದು ಅಂಗೈಯನ್ನು ಮೇಲಕ್ಕೆ ಹಿಡಿದು ನೋಡಿದರು. ಗಾಳಿಯ ಸುಳಿವೂ ಇಲ್ಲ. “ಇನ್ನು ಯಾರು ಏನು ಬರೀತಾರೋ ಬರೀಲಿ” ಎಂದು ತೃಪ್ತಿಯಿಂದ ಕೈ ಒರೆಸಿಕೊಂಡು, ಆ ದೂರಿನ ಕೆಳಗೆ “ಸರಿಪಡಿಸಲಾಗಿದೆ, ದಯಮಾಡಿ ಮತ್ತೆ ಬನ್ನಿ” ಎಂದು ವಿನಯದಿಂದ ಉತ್ತರ ಬರೆದರು.

ಆಮೇಲೆ ಬಂತು ನೋಡಿ, ಹೊಗಳಿಕೆ!

ಔಷಧದ ಕಂಪನಿಯ ಮಾರಾಟಗಾರನೊಬ್ಬ ಬರೆದ: “ಬೆಚ್ಚಗಿನ ರೂಮು. ಸ್ನಾನ ಮಾಡಿ ಬಂದು ಹಾಸಿಗೆಗೆ ಬಿದ್ದದ್ದಷ್ಟೇ ಗೊತ್ತು. ಹೆಣದ ಹಾಗೆ ಮಲಗಿದೆ.” ಅದಕ್ಕೆ ಐದು ಸ್ಟಾರ್. ಹೊಸದಾಗಿ ಮದುವೆಯಾದ ದಂಪತಿಗಳು ಬರೆದರು: “ಏನು ನಿದ್ದೆ! ಬೆಳಿಗ್ಗೆ ತಲೆ ಎತ್ತಲೂ ಮನಸ್ಸು ಬರಲಿಲ್ಲ.” ಮತ್ತೊಬ್ಬಾಕೆ, “ಸ್ವರ್ಗಕ್ಕೆ ಹೋಗಿ ಬಂದ ಹಾಗಾಯಿತು” ಎಂದಳು. ಯಜಮಾನರು ಇವನ್ನೆಲ್ಲ ಚೌರದಂಗಡಿಯಲ್ಲಿ ಗಟ್ಟಿಯಾಗಿ ಓದಿ ಹೇಳಿದರು. ಒಂದನ್ನು ಎರಡು ಸಲ ಓದಿದರು. ಮೂಲೆ ರೂಮಿಗೇ ಬೇಕು ಎಂದು ಜನ ಮೊದಲೇ ಕಾದಿರಿಸತೊಡಗಿದರು.

ಒಂದು ಬೆಳಿಗ್ಗೆ ಅಣ್ಣತಂಗಿಯರಿಬ್ಬರು ಬಂದಿಳಿದರು. ತಂಗಿ ಮರುದಿನ ಯಾವುದೋ ನೌಕರಿಯ ಪರೀಕ್ಷೆ ಬರೆಯಬೇಕಾಗಿದ್ದವಳು. ಬಸ್ಸಿನ ಕುಲುಕಾಟದಲ್ಲಿ ಕಣ್ಣು ಕೆಂಪಾಗಿದ್ದವು, ನಗು ಮಾತ್ರ ಬಾಡಿರಲಿಲ್ಲ.

“ಮೂಲೆ ರೂಮೇ ಕೊಡಿ ಯಜಮಾನ್ರೇ. ಹೆಣದ ಹಾಗೆ ನಿದ್ದೆ ಬರುತ್ತಂತಲ್ಲ? ಅದನ್ನ ಓದಿಯೇ ನಾನು ಇಲ್ಲಿಗೆ ಬಂದಿದ್ದು.”

“ಇವಳು ಹೇಗಿದ್ರೂ ಹಾಗೇ ಮಲಗೋದು” ಎಂದ ಅಣ್ಣ. “ಮನೇಲಿ ಎಬ್ಬಿಸೋಕೆ ಇಬ್ಬರು ಬೇಕು.”

“ಹೋಗೋ, ಪರೀಕ್ಷೆ ಬರೆಯೋಳು ನಾನು. ನಿಂಗೇನು, ಬರೀ ಚೀಲ ಹೊರೋ ಕೆಲಸ.”

ಯಜಮಾನರು ಮನಸ್ಸಿನಲ್ಲೇ ಹಿಗ್ಗಿದರು. ಸ್ವಲ್ಪ ಹೊತ್ತಿಗೆ ಅಣ್ಣ ಒಬ್ಬನೇ ಕೆಳಗಿಳಿದು ಬಂದ. “ಪರೀಕ್ಷೆ ನಡೆಯೋ ಜಾಗ ನೋಡ್ಕೊಂಡು ಬರ್ತೀನಿ. ತಂಗಿ ಸ್ನಾನ ಮಾಡಿ ಮಲಗ್ತಾಳೆ. ಒಳಗಿಂದ ಚಿಲಕ ಹಾಕ್ಕೋ ಅಂದಿದೀನಿ. ಯಾರೂ ಬಾಗಿಲು ಬಡೀದಂಗೆ ನೋಡ್ಕೊಳ್ಳಿ, ಆಯ್ತಾ?” ಎಂದು ಹೇಳಿ ಹೋದ.

ಯಜಮಾನರು ಮೇಜಿನ ಹಿಂದೆ ಕುಳಿತು ಫೋನು ತೆಗೆದರು. ಹೊಸದೊಂದು ಬರಹ ಬಂದಿತ್ತು. ಹಿಂದಿನ ದಿನವಷ್ಟೇ ಮೂಲೆ ರೂಮು ಬಿಟ್ಟುಹೋದ ಲಾರಿ ಕಂಪನಿಯ ಗುಮಾಸ್ತನದು. ಹೆಂಡತಿ ಬೆಂಚಿನ ಮೇಲೆ ದಿಂಬಿನ ಚೀಲಗಳನ್ನು ಮಡಿಸುತ್ತಿದ್ದರು. ಯಜಮಾನರು ಎಂದಿನಂತೆ ಗಟ್ಟಿಯಾಗಿ ಓದಿದರು: “ಹೆಣದ ಹಾಗೆ ಮಲಗಿಬಿಟ್ಟೆ. ಎದ್ದಾಗ ತಲೆ ದಿಮ್ ಎನ್ನುತ್ತಿತ್ತು, ಪ್ರಯಾಣದ ದಣಿವಿರಬೇಕು. ರೂಮು ಸೂಪರ್.”

ಹೆಂಡತಿ ಕೈಯಲ್ಲಿದ್ದ ಬಟ್ಟೆಯನ್ನು ಕೊಡವುತ್ತ ನಕ್ಕರು. “ಏನ್ರೀ ಇದು, ಆ ರೂಮಿಗೆ ಹೋದೋರೆಲ್ಲ ಹೆಣವೇ ಆಗ್ತಾರಲ್ಲ! ಕೆಳಗಿನ ರೂಮಲ್ಲೂ ಅದೇ ಹಾಸಿಗೆ, ಅದೇ ದಿಂಬು. ಅಲ್ಲಿ ಮಲಗಿದೋರು ಒಬ್ಬರೂ ಹಾಗೆ ಬರೀಲಿಲ್ವಲ್ಲ?”

ತಮಾಷೆಗೆ ಆಡಿದ ಮಾತು ಅದು. ಅವರು ಮುಂದಿನ ದಿಂಬಿನ ಚೀಲವನ್ನು ಕೈಗೆತ್ತಿಕೊಂಡಿದ್ದರು. ಆದರೆ ಯಜಮಾನರು ನಗಲಿಲ್ಲ. ಅವರು ಫೋನಿನ ಪರದೆಯನ್ನು ಮೇಲಕ್ಕೆ ಸರಿಸಿದರು. ಮಾರಾಟಗಾರ, ಹೆಣದ ಹಾಗೆ. ದಂಪತಿಗಳು, ತಲೆ ಎತ್ತಲೂ ಮನಸ್ಸು ಬರಲಿಲ್ಲ. ಆ ಹೆಂಗಸು, ಸ್ವರ್ಗಕ್ಕೆ ಹೋಗಿ ಬಂದ ಹಾಗೆ. ಎಲ್ಲರೂ ಮೂಲೆ ರೂಮಿನವರು. ಎಲ್ಲರೂ ಗಾಜು ಕೂಡಿಸಿದ ಮೇಲೆ ಬಂದವರು.

ಬೇರೆ ರೂಮುಗಳಿಗೆಲ್ಲ ಮಹಡಿಯ ಮೇಲಿನ ಸೋಲಾರಿನಿಂದ ಬಿಸಿನೀರು ಬರುತ್ತಿತ್ತು. ಕೊಳವೆ ಎಟುಕದ ಆ ಮೂಲೆ ರೂಮೊಂದಕ್ಕೆ ಮಾತ್ರ ಗ್ಯಾಸ್ ಗೀಸರ್ ಇತ್ತು. ಅದನ್ನು ಬಚ್ಚಲಿನ ಗೋಡೆಗೆ ತೂಗುಹಾಕಿದ ದಿನ ಗೀಸರ್ ಮೇಸ್ತ್ರಿ ಗವಾಕ್ಷಿಯ ಕಡೆ ಬೆರಳು ತೋರಿಸಿ, “ಇದರ ಬೆಂಕಿಗೂ ನಿಮ್ಮ ಹಾಗೇ ಉಸಿರಾಡೋಕೆ ಗಾಳಿ ಬೇಕು ಯಜಮಾನ್ರೇ. ಈ ಕಿಂಡಿ ಮುಚ್ಚಿದ್ರೆ ಅದು ವಿಷ ಕಕ್ಕುತ್ತೆ. ಅದಕ್ಕೆ ವಾಸನೆ ಇಲ್ಲ, ಹೊಗೆ ಇಲ್ಲ. ನಿದ್ದೆ ಬಂದಂಗೇ ಬರುತ್ತೆ” ಎಂದಿದ್ದ. ಯಜಮಾನರು ಆಗ ತಲೆಯಾಡಿಸಿದ್ದರು. ವರ್ಷಗಳು ಕಳೆದವು. ಒಬ್ಬ ಅಪರಿಚಿತನ ಒಂದು ಸ್ಟಾರ್ ಆ ಮಾತನ್ನು ನೆನಪಿನಿಂದ ಒರೆಸಿಹಾಕಿತ್ತು.

ನಿದ್ದೆ ಬಂದಂಗೇ ಬರುತ್ತೆ.

ಮೇಲಿನಿಂದ ನೀರು ಬೀಳುವ ಸದ್ದು ಕೇಳುತ್ತಿತ್ತು.

“ಆ ಹುಡುಗಿ ಸ್ನಾನಕ್ಕೆ ಹೋಗಿ ಎಷ್ಟೊತ್ತಾಯ್ತು?” ಎಂದರು ಯಜಮಾನರು.

“ಆಗಲೇ ಹೋದಳು. ಯಾಕ್ರೀ? ಮುಖ ಯಾಕೆ ಹಾಗಾಯ್ತು?”

“ಹೋಗೇ, ಬಾಗಿಲು ತಟ್ಟು. ಕೂಗು. ಬೇಗ ಹೋಗು ಮಹರಾಯ್ತಿ!”

ಹೆಂಡತಿ ಕೈಯಲ್ಲಿದ್ದುದನ್ನು ಅಲ್ಲೇ ಚೆಲ್ಲಿ ಮೆಟ್ಟಿಲು ಹತ್ತಿದರು. ಯಜಮಾನರು ಕಂಬ ಹಿಡಿದು ಕೆಳಗೇ ನಿಂತರು. “ತಾಯೀ, ಒಂದ್ನಿಮಿಷ ಬಾಗಿಲು ತೆಗೀಮ್ಮಾ… ಏ ಹುಡುಗೀ!” ಎನ್ನುವ ಕೂಗು ಕೇಳಿಸಿತು. ಬಾಗಿಲು ಬಡಿದದ್ದು ಕೇಳಿಸಿತು. ಉತ್ತರವಾಗಿ ಬಂದದ್ದು ನೀರಿನ ಸದ್ದೊಂದೇ. ಅದು ಏರಲಿಲ್ಲ, ಇಳಿಯಲಿಲ್ಲ. ಮೈಮೇಲೆ ನೀರು ಹುಯ್ದುಕೊಳ್ಳುವವರ ಸದ್ದಿನಂತೆ ತಡೆತಡೆದು ಬರಲಿಲ್ಲ. ಒಂದೇ ಸಮನೆ, ಯಾರೂ ಇಲ್ಲದ ಕಡೆ ನಲ್ಲಿ ಬಿಟ್ಟಂತೆ ಸುರಿಯುತ್ತಿತ್ತು.

ಹೆಂಡತಿ ಮೆಟ್ಟಿಲ ತುದಿಯಿಂದ ಬಗ್ಗಿ ಪಿಸುಗುಟ್ಟಿದರು: “ಮಾತೇ ಇಲ್ಲ. ಸ್ನಾನ ಮಾಡೋರಿಗೆ ಕೇಳ್ಸಲ್ವೇನೋ. ಸ್ವಲ್ಪ ತಾಳಿ. ಹೆಣ್ಣುಮಗಳು ಬಚ್ಚಲಲ್ಲಿರೋವಾಗ ಬಾಗಿಲು ಒಡೆದ್ರೆ ಏನಾಗುತ್ತೆ ಗೊತ್ತಾ? ಅವಳಣ್ಣ ನಮ್ಮನ್ನ ಸುಮ್ಮನೆ ಬಿಡ್ತಾನಾ? ಊರೆಲ್ಲಾ ಫೋನಲ್ಲಿ ಓದುತ್ತೆ!”

ಆ ಮಾತಿನಲ್ಲಿ ತಪ್ಪೇನಿರಲಿಲ್ಲ. ಯಜಮಾನರ ಕಣ್ಣೆದುರು ಅಕ್ಷರಗಳು ತಾವಾಗಿಯೇ ಮೂಡಿದವು: ಈ ಲಾಡ್ಜಿನ ಮುದುಕ ಹೆಂಗಸರ ಸ್ನಾನದ ಮನೆಗೆ ನುಗ್ಗುತ್ತಾನೆ. ಒಂದು ಸ್ಟಾರ್. ಅದನ್ನು ಅಳಿಸಲು ಯಾವ ಗಾಜು, ಯಾವ ಪುಟ್ಟಿ ಇದೆ? ಚೌರದಂಗಡಿಯವನು ಓದುತ್ತಾನೆ, ಮಗಳ ಅತ್ತೆಮನೆಯವರು ಓದುತ್ತಾರೆ. ಇಷ್ಟು ವರ್ಷ ಕಾಪಾಡಿಕೊಂಡ ಮಾನ ಒಂದು ಮಧ್ಯಾಹ್ನದೊಳಗೆ ಬೀದಿಪಾಲಾಗುತ್ತದೆ. ಒಂದು ವೇಳೆ ಒಳಗೆ ಆ ಹುಡುಗಿ ಹಾಡು ಗುನುಗುತ್ತ ತಲೆ ಬಾಚಿಕೊಳ್ಳುತ್ತಿದ್ದರೆ?

ಮನುಷ್ಯನ ಎದೆಯಲ್ಲಿ ಎರಡು ಭಯಗಳು ಜೊತೆಯಾಗಿ ಬಂದು ನಿಲ್ಲುವ ಗಳಿಗೆ ಘೋರವಾದದ್ದು. ಒಂದು ಜನರ ಭಯ, ಇನ್ನೊಂದು ದೇವರ ಭಯ. ಜನರ ಭಯ ಗದ್ದಲ ಮಾಡುತ್ತದೆ. ದೇವರ ಭಯ ಬಹು ಮೆಲ್ಲಗೆ ಮಾತಾಡುತ್ತದೆ. ಯಜಮಾನರು ಕಣ್ಣು ಮುಚ್ಚಿ, “ಪರಮಾತ್ಮಾ, ನನ್ನ ಮಾನ ನೀನೇ ಇಟ್ಕೋ. ಆ ಮಗೂನ ಕೊಡು” ಎಂದರು. ಕಣ್ಣು ತೆರೆದವರೇ ಹಿತ್ತಲಿಗೆ ಓಡಿದರು.

ಮೊದಲು ಹಿಂಬದಿಯ ಕಟ್ಟೆಯ ಮೇಲಿದ್ದ ಸಿಲಿಂಡರಿನ ಕಿವಿ ತಿರುಚಿ ಗ್ಯಾಸು ನಿಲ್ಲಿಸಿದರು. ಬೋರ್ಡು ಒರೆಸುವ ಏಣಿಯನ್ನು ಎಳೆತಂದು ಗೋಡೆಗೆ ಒರಗಿಸಿ, ಅಲ್ಲೇ ಬಿದ್ದಿದ್ದ ಕಬ್ಬಿಣದ ಸಲಾಕಿ ಹಿಡಿದು ಹತ್ತಿದರು. ಪ್ರತಿ ಮೆಟ್ಟಿಲಲ್ಲೂ ಪಂಚೆ ತೊಡರುತ್ತಿತ್ತು. ಗದ್ದಲ ಕೇಳಿ ಬೀದಿಯ ಕಡೆಯಿಂದ ಚೌರದಂಗಡಿಯವನು, ಕೈಯಲ್ಲಿ ಬಾಚಣಿಗೆ ಹಿಡಿದೇ ಓಡಿಬಂದ.

“ಯಜಮಾನ್ರೇ! ಏನ್ ಮಾಡ್ತಿದೀರಿ? ಹಾಡು ಹಗಲಲ್ಲಿ ಬಚ್ಚಲಿಗೆ ಇಣುಕ್ತೀರಾ?”

“ಬಾಗಿಲು ಒಡೀ ಹೋಗೋ! ನನ್ನ ಹೆಂಡ್ತಿ ಮೇಲಿದಾಳೆ, ಹೋಗಿ ಒಡೀ!” ಎಂದು ಕಿರುಚುತ್ತ ಯಜಮಾನರು ಮುಖವನ್ನು ಆಚೆ ತಿರುಗಿಸಿಕೊಂಡು, ಕಬ್ಬಿಣದ ಸಲಾಕಿಯಿಂದ ಗಾಜಿಗೆ ಹೊಡೆದರು. ತಾವೇ ಆರಿಸಿ ತಂದ ದಪ್ಪ ಗಾಜು. ಮೊದಲ ಏಟಿಗೆ ಬಿರುಕು ಬಿಟ್ಟಿತು, ಒಡೆಯಲಿಲ್ಲ. ಎರಡನೆಯ ಏಟಿಗೂ ಇಲ್ಲ. ಮೂರನೆಯದಕ್ಕೆ ಚೂರುಚೂರಾಗಿ ಒಳಗೂ ಹೊರಗೂ ಉದುರಿತು. ಒಳಗಿನಿಂದ ಬಿಸಿಯಾದ, ಒದ್ದೆಯಾದ ಗಾಳಿ ಮುಖಕ್ಕೆ ಬಡಿಯಿತು. ಅದಕ್ಕೆ ನಿಜವಾಗಿಯೂ ಯಾವ ವಾಸನೆಯೂ ಇರಲಿಲ್ಲ. ಯಾರೂ ಚೀರಲಿಲ್ಲ. ಯಾರೂ ಬಯ್ಯಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ಯಜಮಾನರು, ಯಾರಾದರೂ ತಮ್ಮನ್ನು ಬಯ್ಯಲಿ ಎಂದು ದೇವರಲ್ಲಿ ಮೊರೆಯಿಟ್ಟರು.

ಒಳಗೆ ಬಾಗಿಲು ಮುರಿದ ಸದ್ದಾಯಿತು. ಚೌರದಂಗಡಿಯವನು ರೂಮಿನದು, ಬಚ್ಚಲಿನದು ಎರಡೂ ಚಿಲಕ ಕಿತ್ತು, ಮುಖ ತಿರುಗಿಸಿ ಪಡಸಾಲೆಯಲ್ಲಿ ನಿಂತ. ಹೆಂಡತಿ ಒಬ್ಬರೇ ಒಳಹೊಕ್ಕು, ಬಚ್ಚಲ ನೆಲದ ಮೇಲೆ ಮಡಚಿಕೊಂಡು ಬಿದ್ದಿದ್ದ ಹುಡುಗಿಯನ್ನು ಹೊದಿಕೆಯಲ್ಲಿ ಸುತ್ತಿ, ಕಂಕುಳಿಗೆ ಕೈಕೊಟ್ಟು ಹೊರಗೆಳೆದು ತಂದರು. ಯಜಮಾನರು ಏಣಿಯಿಂದ ಹೇಗೆ ಇಳಿದರೋ, ಮೆಟ್ಟಿಲು ಹೇಗೆ ಹತ್ತಿದರೋ ಅವರಿಗೇ ತಿಳಿಯದು. ಹುಡುಗಿಯ ಮುಖ ನೋಡಿದರು. ಮಲಗಿದ ಮಗುವಿನಂತೆ ಕೆನ್ನೆ ಕೆಂಪಾಗಿತ್ತು. ನೋಡಿದವರು ಸುಖನಿದ್ರೆ ಎನ್ನಬೇಕು, ಹಾಗಿತ್ತು. ಅದೇ ಅವರನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು.

“ಉಸಿರಿದೆ” ಎಂದರು ಹೆಂಡತಿ, ಮೂಗಿನ ಬಳಿ ಬೆರಳಿಟ್ಟು. “ಇದೆ ಕಣ್ರೀ, ಸಣ್ಣಗಿದೆ. ಆಟೋ ತರಿಸಿ!”

ಆಸ್ಪತ್ರೆಯ ಬೆಂಚಿನ ಮೇಲೆ ಯಜಮಾನರು ಕುಳಿತಿದ್ದಾಗ ಅಣ್ಣ ಓಡಿಬಂದ. ಲಾಡ್ಜಿಗೆ ಹೋಗಿ ಮುರಿದ ಬಾಗಿಲನ್ನು ನೋಡಿ ಬಂದಿದ್ದ. ಬಂದವನೇ ಯಜಮಾನರ ಅಂಗಿಯ ಕತ್ತುಪಟ್ಟಿ ಹಿಡಿದೆತ್ತಿದ. “ಏನ್ ಮಾಡಿದ್ರೀ ನನ್ನ ತಂಗೀಗೆ? ಬಾಗಿಲು ಯಾಕೆ ಒಡೆದ್ರಿ? ಹೇಳಿ!”

ಯಜಮಾನರು ಕೈ ಬಿಡಿಸಿಕೊಳ್ಳಲಿಲ್ಲ. ಆ ಹೊತ್ತಿಗೆ ಒಳಗಿನಿಂದ ಬಂದ ಡಾಕ್ಟರಮ್ಮ ಇಬ್ಬರನ್ನೂ ದಿಟ್ಟಿಸಿ ಹೇಳಿದರು: “ಕಿರುಚಾಡ್ಬೇಡಿ. ಆಕ್ಸಿಜನ್ ಕೊಟ್ಟಿದೀವಿ. ಕಣ್ಣು ಬಿಟ್ಟಿದಾಳೆ, ಹೆಸರು ಕೇಳಿದ್ರೆ ಹೇಳ್ತಾಳೆ. ಇನ್ನು ಸ್ವಲ್ಪ ತಡವಾಗಿದ್ರೆ ನಾನು ಬೇರೆ ಮಾತು ಹೇಳ್ಬೇಕಿತ್ತು. ಯಾರು ಕರ್ಕೊಂಡು ಬಂದಿದ್ದು?”

ಅಣ್ಣನ ಕೈ ಸಡಿಲವಾಯಿತು. ಬೆಂಚಿನ ಮೇಲೆ ಕುಸಿದು ಕುಳಿತು ಮುಖ ಮುಚ್ಚಿಕೊಂಡ. ಆಮೇಲೆ ತಲೆಯೆತ್ತಿ ಕೇಳಿದ: “ನಿಮಗೆ… ಹೇಗೆ ಗೊತ್ತಾಯ್ತು?”

ಇಲ್ಲಿ ಯಜಮಾನರು ಸುಮ್ಮನಿದ್ದಿದ್ದರೆ ಪುಣ್ಯಾತ್ಮರೆನಿಸಿ ಮನೆಗೆ ಹೋಗಬಹುದಾಗಿತ್ತು. ಆದರೂ ಹೇಳಿದರು. “ಹೊಗಳಿದ್ದನ್ನ ಓದಿ ಗೊತ್ತಾಯ್ತಪ್ಪ. ಎಲ್ಲಾ ಹೆಣದ ಹಾಗೆ ಮಲಗಿದೆ, ಹೆಣದ ಹಾಗೆ ಮಲಗಿದೆ ಅಂತ ಬರೆದಿದ್ರು. ನಾನು ಹಿಗ್ಗಿದ್ದೆ. ಆ ಗಾಜು ಕೂಡಿಸಿದೋನು ನಾನೇ. ಯಾರೋ ಚಳಿ ಅಂತ ಬಯ್ದ, ಅವನ ಬಾಯಿ ಮುಚ್ಚಿಸೋಕೆ ಅಂತ ಗಾಳಿ ಮುಚ್ಚಿಸಿದೆ.”

ಅಣ್ಣ ಅವರನ್ನೇ ನೋಡಿದ. “ಅವನು ಬಯ್ದಿದ್ದು ಓದಿದ್ರೆ ನಾವು ಬರ್ತಾನೇ ಇರ್ಲಿಲ್ಲ” ಎಂದ. ಕ್ಷಮಿಸಿದೆ ಎನ್ನಲಿಲ್ಲ, ಶಪಿಸಲೂ ಇಲ್ಲ. ಎದ್ದು ತಂಗಿಯ ಕಡೆಗೆ ಹೋದ.

ಯಜಮಾನರಿಗೆ ಆಗ ಇನ್ನೊಂದು ಯೋಚನೆ ಹೊಳೆಯಿತು. ಬರೆದವರೆಲ್ಲ ಎದ್ದು ಬಂದವರು. ಎದ್ದು ಬಂದವರಷ್ಟೇ ಬರೆಯಬಲ್ಲರು. ಗಾಜು ಕೂಡಿಸಿದ ಮೇಲೆ ಆ ರೂಮಿನಲ್ಲಿ ಉಳಿದುಕೊಂಡು, ಒಂದಕ್ಷರವನ್ನೂ ಬರೆಯದೆ ಹೋದವರೊಬ್ಬರಿದ್ದರು. ಒಬ್ಬಂಟಿ ಮುದುಕರು, ನಿವೃತ್ತ ಸ್ಟೇಷನ್ ಮಾಸ್ತರು. ನಸುಕಿನಲ್ಲೇ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಹೋಗಿದ್ದರು. ವಯಸ್ಸಾದ ಜೀವ, ಅದಕ್ಕೇ ಗೋಡೆ ಹಿಡಿದರು ಎಂದು ಯಜಮಾನರು ಅಂದು ಭಾವಿಸಿದ್ದರು. ದಾರಿಯಲ್ಲಿ ಏನಾಯಿತೋ? ಮನೆ ಮುಟ್ಟಿದರೋ?

ಫೋನಿನಲ್ಲಿ ಆ ಮುದುಕರ ಸಂಖ್ಯೆ ಹುಡುಕಿ ಒತ್ತಿದರು. ರಿಂಗಾಗುತ್ತಲೇ ಇತ್ತು. ನಿಂತಿತು. ಮತ್ತೆ ಒತ್ತಿದರು. ಹೆಂಡತಿ ಪಕ್ಕದಲ್ಲಿ ಕುಳಿತು ಅವರ ಮೊಣಕೈ ಹಿಡಿದುಕೊಂಡರು. ಕೊನೆಗೆ ಒಬ್ಬ ಹೆಂಗಸಿನ ದನಿ ಕೇಳಿತು.

“ಅಪ್ಪಾನಾ? ಮಲಗಿದಾರೆ.”

“ಎಬ್ಬಿಸಿ ತಾಯಿ.”

“ಊಟ ಮಾಡಿ ಈಗಷ್ಟೇ ಮಲಗಿದಾರೆ. ಆಮೇಲೆ ಮಾಡಿ.”

“ಕಾಲಿಗೆ ಬೀಳ್ತೀನಿ ತಾಯಿ, ಒಂದ್ಸಲ ಎಬ್ಬಿಸಿ. ಎದ್ದೇಳ್ತಾರಾ ನೋಡಿ.”

ಆಕೆ ಏನೋ ಗೊಣಗುತ್ತ ನಡೆದು ಹೋದದ್ದು ಕೇಳಿಸಿತು. “ಅಪ್ಪಾ” ಎಂದಳು. ಮತ್ತೊಮ್ಮೆ “ಅಪ್ಪಾ” ಎಂದಳು. ಯಜಮಾನರು ಫೋನನ್ನು ಕಿವಿಗೆ ಒತ್ತಿಹಿಡಿದರು. ಮೂರನೆಯ ಸಲಕ್ಕೆ ಒಂದು ಕೆಮ್ಮು, ಮಂಚದ ಕಿರುಗುಟ್ಟುವಿಕೆ, ಆಮೇಲೆ ಒರಟಾದ ದನಿ: “ಯಾರ್ರೀ ಅದು?”

ಯಜಮಾನರು ಹೇಳಬೇಕಾದದ್ದನ್ನೆಲ್ಲ ಹೇಳಿದರು.

“ಹಾಗಾದ್ರೆ ಅದು ನನ್ನ ವಯಸ್ಸಲ್ಲ” ಎಂದರು ಮುದುಕರು ಮೆಲ್ಲಗೆ. “ನಿಮ್ಮ ಬಚ್ಚಲಲ್ಲಿ ನಾನು ಬಿದ್ದಿದ್ದೆ ಕಣ್ರೀ. ತೆವಳಿಕೊಂಡು ಆಚೆ ಬಂದೆ, ಬೆಳಗಿನ ತನಕ ವಾಂತಿ. ಬರೆಯೋಣ ಅಂತ ಫೋನ್ ತಗೊಂಡೆ. ನೀವು ನನ್ನ ಚೀಲ ಹೊತ್ತು ಮಹಡಿ ಹತ್ತಿದ್ರಿ, ಕುಡಿಯೋಕೆ ಬಿಸಿನೀರು ತಂದುಕೊಟ್ರಿ. ಅಂಥಾ ಒಳ್ಳೆ ಮನುಷ್ಯನ ಹೊಟ್ಟೆ ಮೇಲೆ ಯಾಕೆ ಹೊಡೀಲಿ ಅಂತ ಸುಮ್ಮನಾದೆ.”

ಯಜಮಾನರು ಗೋಡೆಗೆ ತಲೆಯಾನಿಸಿದರು. ಪಡಸಾಲೆಯ ಆ ತುದಿಯಲ್ಲಿ ಹುಡುಗಿ ಕ್ಷೀಣವಾಗಿ ಅಣ್ಣನನ್ನು ಏನೋ ಕೇಳುತ್ತಿದ್ದಳು.

“ಬರೀರಿ ಸ್ವಾಮಿ” ಎಂದರು ಅವರು, ಕಣ್ಣೊರೆಸಿಕೊಳ್ಳದೆ. “ಈಗಲಾದ್ರೂ ಬರೀರಿ. ಬಿದ್ದಿದ್ದು, ತೆವಳಿದ್ದು, ಎಲ್ಲಾ. ನನ್ನ ಮೇಲೆ ಒಂದಿಷ್ಟೂ ದಯೆ ತೋರಿಸ್ಬೇಡಿ.”